ಯಾವ ಊರಿನ ಕೋರ್ಟಿಗೆ ಹೋಗಲಿ

ಹೊರದೇಶದ ಕೋರ್ಟಿನಿಂದ ಬಂದ ಲಕೋಟೆಯನ್ನು ಶಾಲೆಯ ಸ್ಟಾಫ್ ರೂಮಿನಲ್ಲೇ ಒಡೆದೆ. ನನಗೂ ನನ್ನ ಗಂಡನಿಗೂ ವಿಚ್ಛೇದನವಾಗಿದೆ ಎಂದಿತ್ತು. ಅವನು ಅಲ್ಲಿನ ಹೋಟೆಲೊಂದರಲ್ಲಿ ಅಡುಗೆಯವನು. ಚನ್ನರಾಯಪಟ್ಟಣದ ಛತ್ರದಲ್ಲಿ ಮದುವೆಯಾಗಿ, ಅವನ ಜೊತೆ ಹೋಗಿ, ಎರಡು ವರ್ಷ ಏಟು ತಿಂದು ಸಾಕಾಗಿ ವಾಪಸ್ಸು ಬಂದಿದ್ದೆ. ಹೊಳೆನರಸೀಪುರದಲ್ಲಿ ಟೀಚರ್ ಕೆಲಸ ಸಿಕ್ಕಿ, ಮಹಡಿ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಕಾಗದ ಓದಿ ಅಳು ಬರಲಿಲ್ಲ. ಪೀಡೆ ತೊಲಗಿತು ಅನ್ನಿಸಿತು.

ತೊಲಗಿರಲಿಲ್ಲ. ಅರಕಲಗೂಡಿನಲ್ಲಿ ಅವ್ವನ ಮನೆ ಹತ್ತಿರದ ವಕೀಲರಿಗೆ ಅದನ್ನು ತೋರಿಸಿದೆ.

“ಇದು ಇಲ್ಲಿ ನಡೆಯಲ್ಲ ಕಣಮ್ಮ. ನೀನು ಆ ಕೋರ್ಟಿಗೆ ಹೋಗಲಿಲ್ಲ, ಒಪ್ಪಲೂ ಇಲ್ಲ. ಅವರು ಕೊಟ್ಟಿರೋ ಕಾರಣ ನಮ್ಮ ಕಾನೂನಲ್ಲೇ ಇಲ್ಲ. ಇಲ್ಲಿ ನೀನಿನ್ನೂ ಅವನ ಹೆಂಡ್ತೀನೇ.”

“ಅವನು ಅಲ್ಲಿ ಇನ್ನೊಂದು ಮದುವೆ ಆಗಿದ್ದಾನೆ ಸಾರ್.”

“ಆಗಿರಬಹುದು. ನೀನು ಇಲ್ಲಿ ಕೇಸು ಹಾಕ್ಬೇಕು.”

ಅವ್ವನಿಗೆ ಹೇಳಿದೆ. “ಅಲ್ಲಿ ಮುಗ್ದೋಯ್ತಂತೆ, ಇಲ್ಲಿ ಮುಗ್ದಿಲ್ವಂತೆ! ಇದ್ಯಾವ ಸೀಮೆ ನ್ಯಾಯವ್ವ?” ಎಂದಳು.

ಆಧಾರ್ ಕಾರ್ಡಿನಲ್ಲಿದ್ದ ಅವ್ವನ ಮನೆ ವಿಳಾಸ ನೋಡಿ ವಕೀಲರು ಅರಕಲಗೂಡಿನಲ್ಲೇ ಅರ್ಜಿ ಹಾಕಿದರು. ಐದು ತಿಂಗಳಾದ ಮೇಲೆ ಅರ್ಜಿ ವಾಪಸ್ಸು ಬಂತು. ಮದುವೆ ಈ ಊರಲ್ಲಿ ಆಗಿಲ್ಲ, ಗಂಡ ಹೆಂಡತಿ ಇಲ್ಲಿ ಸಂಸಾರ ಮಾಡಿಲ್ಲ, ಹೆಂಡತಿ ಈಗ ಇರುವುದೂ ಇಲ್ಲಿ ಅಲ್ಲ, ಸರಿಯಾದ ಕೋರ್ಟಿಗೆ ಹೋಗಿ ಎಂದು. ಐದು ತಿಂಗಳು! ವಕೀಲರು ಕನ್ನಡಕ ಒರೆಸಿಕೊಳ್ಳುತ್ತಾ “ಆಧಾರ್ ಇಲ್ಲೀದೇ ಇತ್ತಲ್ಲಮ್ಮ” ಅಂದರು.

ಹೊಳೆನರಸೀಪುರದಲ್ಲಿ ಇನ್ನೊಬ್ಬ ವಕೀಲರನ್ನು ಹಿಡಿದೆ. ಆಕೆ, ಹೆಂಡತಿ ತಾನಿರುವ ಊರಿನಲ್ಲೇ ಕೇಸು ಹಾಕಬಹುದು ಎಂದು ಧೈರ್ಯ ಕೊಟ್ಟು ಹಾಕಿಸಿದರು. ಇಲ್ಲಿ ಕೇಸು ನಡೆದರೆ ಜೀವನಾಂಶ ಕೊಡಬೇಕಾದೀತು ಎಂದು ಗಂಡನಿಗೆ ಭಯ; ಅವನ ಪರವಾಗಿ ಹಾಸನದಿಂದ ಬಂದ ವಕೀಲರು ತಕರಾರು ತೆಗೆದರು. ಇಬ್ಬರೂ ಕೊನೆಗೆ ಒಟ್ಟಿಗಿದ್ದದ್ದು ಹೊರದೇಶದಲ್ಲಿ, ಆದ್ದರಿಂದ ಈ ಕೋರ್ಟಿಗೆ ಅಧಿಕಾರವೇ ಇಲ್ಲ. ಅದೂ ಅಲ್ಲದೆ ಈಕೆ ಇರುವುದು ಅರಕಲಗೂಡಿನಲ್ಲಿ, ಆಧಾರ್ ನೋಡಿ!

ದಿನಾ ಹತ್ತಿ ಇಳಿಯುವ ಮೆಟ್ಟಿಲಿನ ಮನೆಯಲ್ಲಿ ನಾನಿದ್ದೇನೆ ಎಂದು ನಾನೇ ರುಜುವಾತು ಮಾಡಬೇಕಾಯಿತು. ಬಾಡಿಗೆ ಕರಾರು ಬರೆಸಿರಲಿಲ್ಲ; ಸಾಕ್ಷಿ ಹೇಳಿ ಎಂದು ಮನೆ ಯಜಮಾನಿಯನ್ನು ಕೇಳಿದರೆ, “ಕೋರ್ಟಿಗೆಲ್ಲಾ ನಮ್ಮನ್ನ ಎಳೀಬ್ಯಾಡ ಕಣವ್ವ” ಎಂದು ಒಳಗೆ ಹೋಗಿಬಿಟ್ಟರು. ಒಂದು ಸಲ ಜಡ್ಜ್ ರಜೆ, ಇನ್ನೊಂದು ಸಲ ಹಾಸನದ ವಕೀಲರು ಬರಲಿಲ್ಲ. ಪ್ರತಿ ಸಲವೂ ಹೆಡ್‌ಮಿಸ್ ಮುಂದೆ ರಜೆಗೆ ನಿಂತು ನನಗೇ ನಾಚಿಕೆ.

ಒಂದು ಸಂಜೆ ತಡೆಯಲಾರದೆ ಯಜಮಾನಿಯ ಮೇಲೆ ಕೂಗಾಡಿದೆ. “ಎರಡು ವರ್ಷದಿಂದ ನಿಮ್ಮ ಮನೇಲಿ ಇರೋಳು ನಾನಲ್ವಾ? ನಾನಿಲ್ಲಿ ಇಲ್ಲವೇ ಇಲ್ಲ ಅಂತ ಅವರು ಬರೆದುಕೊಟ್ಟಿದ್ದಾರೆ. ನೀವು ನೋಡ್ಕೊಂಡು ಸುಮ್ಮನಿದ್ದೀರ!”

ಆಕೆ ಮುಂದಿನ ತಾರೀಕಿಗೆ ರೇಷ್ಮೆ ಸೀರೆ ಉಟ್ಟು ನನ್ನ ಜೊತೆ ಹೊರಟರು. ಹಾಸನದ ವಕೀಲರು, “ಈಕೆ ಇರೋದು ಅರಕಲಗೂಡಲ್ಲಿ ತಾನೇ?” ಎಂದು ಕೇಳಿದರು.

“ಬೆಳಿಗ್ಗೆ ಎದ್ರೆ ನಮ್ಮನೆ ನಲ್ಲೀಲಿ ನೀರಿಡೀತಳೆ ಸಾ. ಅರಕಲಗೂಡಿಂದ ಬಿಂದ್ಗೆ ಒತ್ಕೊಂಡ್ ಬತ್ತಳಾ?”

ಜಡ್ಜ್ ಕೂಡ ನಕ್ಕರು. ಈ ಕೋರ್ಟು ಕೇಸು ಕೇಳಬಹುದು ಎಂದು ಆದೇಶವಾಯಿತು.

“ಹಾಗಾದ್ರೆ ಮುಗೀತಾ ಮೇಡಂ?” ಎಂದು ನಮ್ಮ ವಕೀಲರನ್ನು ಕೇಳಿದೆ.

“ಕೇಳಬಹುದು ಅಂತ ಆಯ್ತು ಅಷ್ಟೇ. ಕೇಸು ಈಗ ಶುರು.” ಫೈಲು ಕಟ್ಟುತ್ತಾ ಸೇರಿಸಿದರು: “ಮದುವೆ ಆಗಿದ್ದ ಚನ್ನರಾಯಪಟ್ಟಣದಲ್ಲೇ ಹಾಕಿದ್ರೆ ಈ ತಕರಾರು ಬರ್ತಾನೇ ಇರಲಿಲ್ಲ. ನಿಮ್ಮ ಸ್ಕೂಲಿಗೆ ಹತ್ತಿರ ಆಗ್ಲಿ ಅಂತ ಇಲ್ಲಿ ಹಾಕ್ದೆ.”

ಸಿಟ್ಟು ಬಂತು. ಆಕೆ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಯಾರ ಮೇಲೆ ಕೂಗಲಿ?

ಮತ್ತೆ ಹದಿನೈದು ತಿಂಗಳು ಹಿಡಿಯಿತು. ವಿಚ್ಛೇದನದ ಆದೇಶವಾದ ದಿನ ಕೋರ್ಟಿನಿಂದ ನೇರ ಅರಕಲಗೂಡಿನ ಬಸ್ಸು ಹತ್ತಿದೆ.

“ಆಯ್ತಾ?” ಎಂದಳು ಅವ್ವ.

“ಆಯ್ತು.”

“ಎಲ್ಲಾ ಕಡೇಲೂವಾ?”

“ಎಲ್ಲಾ ಕಡೇಲೂ.”

“ಸರಿ, ಕೈಕಾಲ್ ತೊಳ್ಕೊ. ಮುದ್ದೆ ಆರೋಯ್ತದೆ.”