ನಾಲು ಹೊಡೆಯುವ ತಾಜಬೀ

ತಾವರಗೇರಾದಲ್ಲಿ ಎತ್ತಿಗೆ ನಾಲು, ಅಂದರೆ ಲಾಳ, ಹೊಡೆಯುವವನು ಮದಾರಸಾಬ ಎಂದೇ ಊರೆಲ್ಲ ನಂಬಿತ್ತು. ಅವನ ಕಣ್ಣಿಗೆ ಪೊರೆ ಬಂದು ಆಗಲೇ ಎರಡು ವರ್ಷವಾಗಿತ್ತು. ಎತ್ತು ಕೆಡವಿ ಕಾಲು ಕಟ್ಟುವಷ್ಟು ಅವನ ಕೆಲಸ. ಗೊರಸು ಹೆರೆದು, ತಗಡು ಕೂಡಿಸಿ, ಮೊಳೆ ಹೊಡೆಯುತ್ತಿದ್ದವಳು ಮಗಳು ತಾಜಬೀ, ಅದೂ ಹಿತ್ತಲ ಗೋಡೆಯ ಮರೆಯಲ್ಲಿ. ಹೆಣ್ಣಿನ ಕೈಯ ನಾಲು ಎಂದು ಗೊತ್ತಾದರೆ ಗಿರಾಕಿ ಬಿಟ್ಟುಹೋಗುತ್ತಾರೆ, ಮದುವೆಯೂ ಮುರಿಯುತ್ತದೆ ಎಂದು ಅಪ್ಪನಿಗೆ ಹೆದರಿಕೆ. ಎತ್ತುಗಳೇನೂ ತಕರಾರು ಮಾಡಿರಲಿಲ್ಲ.

ಮದುವೆ ಗೊತ್ತಾಗಿದ್ದದ್ದು ಖಾಜಾಸಾಬನ ಜೊತೆ. ಅವನು ರೈತ ವಿರುಪಣ್ಣನ ಬಂಡಿ ಹೊಡೆಯುತ್ತಿದ್ದ. ಒಳ್ಳೆಯವನೇ, ಆದರೆ ಚಹಾ ಅಂದರೆ ಮೈಮೇಲೆ ಎಚ್ಚರ ಇರದವನು. ೧೯೭೮ರ ಮಳೆಗಾಲದ ಒಂದು ಸಂತೆಯ ದಿನ ಎತ್ತುಗಳನ್ನು ಹಳ್ಳದ ದಂಡೆಗೆ ಕಟ್ಟಿ ಚಹಾ ಕುಡಿಯಲು ಹೋದ. ಬರುವಷ್ಟರಲ್ಲಿ ಜೋಡೆತ್ತು ಮಾಯ. ಇವನೇ ಮಾರಿಕೊಂಡಿದ್ದಾನೆ ಎಂದ ವಿರುಪಣ್ಣ. ಸಂಜೆಯೊಳಗೆ ಖಾಜಾಸಾಬ ಠಾಣೆಯಲ್ಲಿದ್ದ.

"ಕಳ್ಳನ ಮನಿಗೆ ಮಗಳನ್ನ ಕೊಡಂಗಿಲ್ಲ," ಎಂದ ಮದಾರಸಾಬ.

"ಕಳ್ಳ ಹೌದೋ ಅಲ್ಲೋ ನಾ ಮೊದಲ ನೋಡ್ತೀನಿ ಅಬ್ಬಾ. ಆಮ್ಯಾಲ ಮಾತಾಡೋಣು."

ಬೆಳಿಗ್ಗೆ ಹಳ್ಳಕ್ಕೆ ಹೋದಳು. ಆ ಜೋಡಿಯ ಎಡಗಡೆಯ ಎತ್ತಿಗೆ ಎಡ ಮುಂಗಾಲಿನ ಹೊರಗಿನ ಗೊರಸು ಅಂಚಿನಲ್ಲಿ ಒಡೆದಿತ್ತು. ಅದಕ್ಕೇ ಅಲ್ಲಿ ನಾಲ್ಕು ಮೊಳೆಯ ಬದಲು ಮೂರೇ ಹೊಡೆದಿದ್ದಳು. ಹಸಿ ಮಣ್ಣಿನಲ್ಲಿ ಮೂರು ಮೊಳೆಯ ಹೆಜ್ಜೆ ಸ್ಪಷ್ಟವಾಗಿ ಕಂಡಿತು. ಹೆಜ್ಜೆಯ ಬೆನ್ನು ಹತ್ತಿ ಹೊರಟರೆ ಅದು ನೇರವಾಗಿ ಖಾಜಾಸಾಬನ ಮನೆಯ ಕಡೆಗೇ ತಿರುಗಿತು. ತಾಜಬೀ ಅಲ್ಲೇ ನಿಂತು ಒಂದು ಗಳಿಗೆ ಅತ್ತಳು. ನಿಂತರೆ ಏನೂ ಗೊತ್ತಾಗುವುದಿಲ್ಲ ಎಂದು ಮುಂದೆ ನಡೆದಳು. ಹೆಜ್ಜೆ ಅವನ ಬಾಗಿಲು ದಾಟಿ, ಹೊಲದ ಬದು ಹಿಡಿದು, ಕುಷ್ಟಗಿಯ ಡಾಂಬರು ರಸ್ತೆ ಹತ್ತಿ ಅಳಿಸಿಹೋಗಿತ್ತು.

ನಾಲ್ಕು ದಿನ ಬಿಟ್ಟು ಕುಷ್ಟಗಿಯ ದನದ ಸಂತೆಗೆ ಅಪ್ಪನನ್ನು ಎಳೆದುಕೊಂಡೇ ಹೋದಳು. ಹೊರಗಿನಿಂದ ಬಂದ ಒಬ್ಬ ದಲ್ಲಾಳಿಯ ಹತ್ತಿರ ಒಂದು ಜೋಡಿ ನಿಂತಿತ್ತು. ಕೋಡು ಹೆರೆದು ಬಣ್ಣ ಬಳಿದಿದ್ದ, ನಾಲು ಕಿತ್ತಿದ್ದ. ಒಡೆದ ಗೊರಸಿನ ಅಂಚು ಕಂಡ ತಾಜಬೀ ಹವಾಲ್ದಾರನನ್ನೂ ವಿರುಪಣ್ಣನನ್ನೂ ಕರೆತಂದಳು. ವಿರುಪಣ್ಣನಿಗೇ ತನ್ನ ಎತ್ತಿನ ಗುರುತು ಹತ್ತಲಿಲ್ಲ.

"ಮಾಲಕಗ ಗುರ್ತ ಹತ್ತವಲ್ದು ಅಂದ್ರ ನಾಲು ಹೊಡದಾವ ಹೇಳಲಿ," ಎಂದು ದಲ್ಲಾಳಿ ನಕ್ಕ. ಎಲ್ಲರೂ ಮದಾರಸಾಬನ ಕಡೆ ನೋಡಿದರು. ಅವನು ಮಂಜುಗಣ್ಣು ಪಿಳುಕಿಸುತ್ತ ನಿಂತ.

"ಹೊಡದಾಕಿ ನಾನ್ರಿ," ಎಂದಳು ತಾಜಬೀ. ಸಂತೆಯೇ ಗೊಳ್ಳೆಂದಿತು. ಅಪ್ಪ ತಲೆ ತಗ್ಗಿಸಿದ. ಅವಳು ನಿಲ್ಲಿಸಲಿಲ್ಲ. "ಕೆಡವೂಕಿಂತ ಮೊದಲ ಹೇಳ್ತೀನಿ, ಕೇಳ್ರಿ. ಎಡಗಡೆ ಎತ್ತು, ಎಡ ಮುಂಗಾಲು, ಹೊರಗಿನ ಗೊರಸು. ಅಲ್ಲಿ ಮೂರ ತೂತು ಅದಾವು. ಕಡೀದು ಓರೆ ಐತಿ."

ಕೆಡವಿದರು. ಮೂರೇ ತೂತು, ಕಡೆಯದು ಓರೆ. ದಲ್ಲಾಳಿಯ ಕೊರಳಪಟ್ಟಿ ಹವಾಲ್ದಾರನ ಕೈಯಲ್ಲಿತ್ತು.

ಬಿಡುಗಡೆಯಾದ ಖಾಜಾಸಾಬ ಠಾಣೆಯ ಹೊರಗೆ ಅವಳನ್ನು ಕೇಳಿದ: "ನನ್ನ ಮ್ಯಾಲ ನಿನಗೂ ಸಂಶೆ ಬಂದಿತ್ತೇನು?"

ಇಲ್ಲ ಅನ್ನಬಹುದಿತ್ತು. "ನಿಮ್ಮ ಮನಿ ಮುಂದ ಹೆಜ್ಜಿ ನೋಡಿದಾಗ ಬಂತ್ರಿ. ಅಲ್ಲೇ ಹೊಳ್ಳಿ ಬಂದಿದ್ರ ಸಾಯೂತನಕ ಇರ್ತಿತ್ತು."

"ಕಳ್ಳ ನಾನೇ ಆಗಿದ್ರ?"

"ಠಾಣೆಗೆ ಬಂದು ನಾನೇ ಹೇಳ್ತಿದ್ದೆ. ಆಮ್ಯಾಲ ಮನಿಗೆ ಹೋಗಿ ಅಳ್ತಿದ್ದೆ."

ಖಾಜಾಸಾಬ ಪಕ್ಕದಲ್ಲಿ ನಿಂತಿದ್ದ ಮದಾರಸಾಬನ ಕಡೆ ತಿರುಗಿ, "ನಾಡಿದ್ದ ನಮ್ಮವ್ವನ್ನ ಕರಕೊಂಡ ಬರ್ತೀನ್ರಿ, ನಿಕಾದ ದಿನ ಗೊತ್ತ ಮಾಡಾಕ," ಎಂದ.