ಪುಟ್ಟಮಲ್ಲಮ್ಮನ ಬಚ್ಚಲಿಗೆ ತಗಡು ಹೊಡೆದದ್ದು

ಬೆಟ್ಟದಪುರದಲ್ಲಿ ತಗಡಿನ ಕೆಲಸವೆಂದರೆ ಕಂಠಪ್ಪನೇ. ಹೊಗೆಸೊಪ್ಪನ್ನು ಶಾಖದಲ್ಲಿ ಒಣಗಿಸಿ ಬೇಯಿಸುವ ಬ್ಯಾರನ್ನು ಮನೆಗಳಿಗೆ ಬಿಸಿಗಾಳಿ ಹಾಯುವ ಕೊಳವೆ ಮಾಡಿಕೊಡುವುದು ಅವನ ಕಸುಬು. ಅವನು ಕೂಡಿಸಿದ ಕೊಳವೆಯಲ್ಲಿ ಹೊಗೆ ಸೋರಿತೆಂದು ದೂರು ತಂದವರಿಲ್ಲ.

ಇಸವಿ ಎಪ್ಪತ್ಮೂರರ ಬೇಸಿಗೆಯಲ್ಲಿ ಅವನ ಹೆಂಡತಿ ಪುಟ್ಟಮಲ್ಲಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಮಕ್ಕಳಿರಲಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಎತ್ತಿ ತಂದು ಬಚ್ಚಲಲ್ಲಿ ಕೂರಿಸಿ ಕಂಠಪ್ಪನೇ ನೀರು ಹುಯ್ಯುತ್ತಿದ್ದ. ಗಂಡಸು ಹೆಂಡತಿಗೆ ಮೀಯಿಸುತ್ತಾನೆಂದು ಕಟ್ಟೆಯ ಮೇಲೆ ಕೂತವರು ನಕ್ಕರು. ಅವನಿಗೆ ಅದು ನಾಟಲಿಲ್ಲ. ಅವಳಿಗೆ ನಾಟಿತು.

ಬೆನ್ನು ನಿಲ್ಲದ್ದರಿಂದ ಅವಳು ಗೋಡೆಗೆ ಒರಗಲೇಬೇಕು. ಅದೋ ಮಣ್ಣಿನ ಗೋಡೆ. ನೀರು ಕುಡಿದು ಕುಡಿದು ಮೆತ್ತಗಾಗಿ, ತೊಳೆದಷ್ಟೂ ಮೈಗೆ ಕೆಸರು ಮೆತ್ತುತ್ತಿತ್ತು. ಶ್ರಾವಣದಲ್ಲಿ ಒಂದು ದಿನ ಅವಳು ಒರಗಿದ್ದ ಕಡೆಯೇ ಕುಸಿದು ಮೊರದಗಲ ತೂತು ಬಿತ್ತು. ಆಚೆ ಪಾತ್ರೆ ಬೆಳಗುತ್ತಿದ್ದ ಪಕ್ಕದ ಮನೆಯ ಮಾರಮ್ಮ ಬೆಚ್ಚಿ ತಿರುಗಿ ನೋಡಿದಳು. ಆಡುವ ಒಂದೇ ಕೈಯಿಂದ ಪುಟ್ಟಮಲ್ಲಮ್ಮ ಏನನ್ನು ತಾನೇ ಮುಚ್ಚಿಕೊಂಡಾಳು?

"ಇನ್ನ ನಂಗೆ ನೀರೇ ಬ್ಯಾಡ. ಇಂಗೇ ನಾತ ಒಡ್ಕೊಂಡು ಬಿದ್ದಿರ್ತೀನಿ, ಬುಡಿ" ಎಂದು ಅತ್ತಳು.

ಅದು ಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿನವರು ಕೊಳವೆಗೆ ದುಂಬಾಲು ಬಿದ್ದಿದ್ದರು. ಸಿಕ್ಕ ಬಿಡುವಿನಲ್ಲಿ ಕಂಠಪ್ಪ ತೂತಿಗೆ ಕಲ್ಲು ಮಣ್ಣು ತುಂಬಿ, ಹಳೆ ಕೊಳವೆಗಳನ್ನು ಬಿಚ್ಚಿ ಚಪ್ಪಟೆ ಬಡಿದು, ಆ ತಗಡನ್ನು ಹಸಿ ಗೋಡೆಗೇ ಮೊಳೆ ಹೊಡೆದು ನಿಲ್ಲಿಸಿದ. ಅಂಚು ಮಡಿಸಲಿಲ್ಲ. ಆಮೇಲೆ ಮಡಿಸಿದರಾಯಿತು ಅಂದುಕೊಂಡ.

ಮೂರು ವಾರಕ್ಕೆ ಮೊಳೆ ಕಿತ್ತುಬಂತು. ಜಾರಿದ ತಗಡಿನ ಅಂಚು ಅವಳ ಎಡತೋಳನ್ನು ಮೊಣಕೈತನಕ ಸೀಳಿತು. ಆ ತೋಳಿಗೆ ನೋವು ತಿಳಿಯುತ್ತಿರಲಿಲ್ಲ. ಕಾಲ ಬಳಿ ಹರಿಯುವ ನೀರು ನೋಡಿ ಅವಳೇ ಕೇಳಿದಳು: "ಇದ್ಯಾಕ್ರೀ ನೀರು ಇಂಗೆ ಕೆಂಪಾತು?"

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಹನ್ನೊಂದು ಹೊಲಿಗೆ ಬಿದ್ದವು. ಏನು ಕುಯ್ದದ್ದು ಎಂದು ಡಾಕ್ಟರು ಕೇಳಿದರು.

"ನನ್ ಕೈಕೆಲ್ಸ, ಸ್ವಾಮಿ" ಎಂದ ಕಂಠಪ್ಪ.

ಊರಿಗೆ ಬಂದವನು ಬ್ಯಾರನ್ನಿನ ಕೆಲಸ ಮುಟ್ಟಲಿಲ್ಲ. ಹಳೆ ತಗಡೆಲ್ಲ ಕಿತ್ತೆಸೆದ. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಮರದ ಗೂಟ ನೆಟ್ಟು ಅಡ್ಡಪಟ್ಟಿ ಹೊಡೆದ. ಹೊಸ ತಗಡು ತಂದು, ಮೇಲಿನದು ಕೆಳಗಿನದರ ಮೇಲೆ ಹೆಂಚಿನಂತೆ ಇಳಿದು ಕೂರುವ ಹಾಗೆ ಜೋಡಿಸಿದ. ಆಗ ನೀರು ಹಿಂದಕ್ಕೆ ನುಗ್ಗದೆ ಮೋರಿಗೇ ಇಳಿಯುತ್ತದೆ. ಅಂಚುಗಳನ್ನೆಲ್ಲ ಎರಡೆರಡು ಸಲ ಮಡಿಸಿ ಬಡಿದ.

ಹೊಲದಲ್ಲಿ ಸೊಪ್ಪು ಹಣ್ಣಾಗಿ, ಕೊಳವೆಗೆ ಕಾದಿದ್ದ ಬ್ಯಾರನ್ನಿನ ನೀಲಕಂಠಸ್ವಾಮಿ ಬಂದು ರೇಗಿದ. "ನನ್ ಸೊಪ್ಪು ಒಲದಲ್ಲೇ ಕೊಳೀತಾ ಅದೆ, ನೀನು ಬಚ್ಲು ಕಟ್ಕೊಂಡು ಕೂತಿದ್ದೀಯಲ್ಲ ಕಂಠಪ್ಪ!"

"ಉಣಸೂರಿಂದ ಯಾರ್ನಾರ ಕರ್ಸ್ಕೊಳಿ, ಸ್ವಾಮೇರೇ."

ಬ್ಯಾರನ್ನಿನವರು ಹುಣಸೂರಿನಿಂದ ಒಬ್ಬನನ್ನು ಕರೆಸಿಕೊಂಡರು. ಮಾರನೆಯ ವರ್ಷದಿಂದ ಅರ್ಧ ಊರಿನ ಬ್ಯಾರನ್ನುಗಳ ಕೆಲಸ ಆ ಹುಣಸೂರಿನವನಿಗೇ ಹೋಯಿತು.

ಕೆಲಸ ಮುಗಿದರೂ ಪುಟ್ಟಮಲ್ಲಮ್ಮ ಬಚ್ಚಲಿಗೆ ಬರಲೊಲ್ಲಳು. ತಗಡು ಕಂಡರೆ ಮುಖ ತಿರುಗಿಸುತ್ತಿದ್ದಳು. ಕಂಠಪ್ಪ ಅವಳ ಚಾಪೆಯನ್ನು ಬಚ್ಚಲ ಬಾಗಿಲಿಗೆ ಎಳೆದುತಂದು, ತಾನೇ ಅಂಗಿ ಬಿಚ್ಚಿ ಒಳಗೆ ಕೂತು, ಬರಿಬೆನ್ನನ್ನು ತಗಡಿಗೆ ಮೇಲೆ ಕೆಳಗೆ ಉಜ್ಜಿದ.

"ನೋಡಮ್ಮಿ, ಒಂದು ಗೀರಿಲ್ಲ."

ಅವಳು ಆ ಬೆನ್ನನ್ನು ತುಂಬ ಹೊತ್ತು ನೋಡಿದಳು. "ಆಗ್ಲೂ ನಿಮ್ಮೇಲೆ ನಂಬಿಕೆ ಇಟ್ಟೇ ಕೂತಿದ್ನಲ್ರೀ" ಎಂದಳು. ಅವನು ಎದ್ದು ಅಂಗಿ ತೊಟ್ಟು, ಚಾಪೆಯನ್ನು ಮತ್ತೆ ಒಳಮನೆಗೆ ಎಳೆದ.

ಅದಾದ ಎಂಟನೇ ದಿನ ಮೈ ಕಡಿತ ತಾಳಲಾರದೆ ಅವಳೇ ನೀರು ಕಾಯಿಸಲು ಹೇಳಿದಳು. ಆದರೆ ತಗಡಿಗೆ ಒರಗಲಿಲ್ಲ. ಬಲಗೈಯಿಂದ ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡೇ ಮಿಂದಳು. ಆಮೇಲೆ ಎರಡು ವರ್ಷ ಬದುಕಿದ್ದಳು, ಒಂದು ದಿನವೂ ಒರಗಲಿಲ್ಲ. ಒರಗು ಎಂದು ಕಂಠಪ್ಪನೂ ಮತ್ತೆ ಹೇಳಲಿಲ್ಲ. ಬಗ್ಗಿ ಅವಳಿಗೆ ಹೆಗಲು ಕೊಟ್ಟು, ಒಂದೇ ಕೈಯಲ್ಲಿ ನೀರು ಹುಯ್ಯುವುದನ್ನು ಕಲಿತ.