ನನ್ನ ತಪ್ಪನ್ನೂ ಬರೀರಿ ಎನ್ನುವ ಅಚ್ಚುಮೊಳೆಯ ಕೋಬಿನಾ

ಸೆಕೊಂಡಿ ಪಟ್ಟಣದ ಕಡಲ ಮೇಲೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೋಬಿನಾ ಎಸ್ಸಿಲ್ಫಿ ಆಗಲೇ ಪತ್ರಿಕಾ ಸಂಗ್ರಹಾಲಯದ ಬೀಗ ತೆಗೆದು ಹಳೆಯ ಅಚ್ಚುಯಂತ್ರಕ್ಕೆ ಎಣ್ಣೆಬಟ್ಟೆ ತಿಕ್ಕುತ್ತಿದ್ದಾರೆ. "ಉಪ್ಪುಗಾಳಿ ನೋಡಿ, ಒಂದಿನ ಬಿಟ್ರೆ ತುಕ್ಕು. ನನ್ನ ಮಂಡಿದೂ ಅದೇ ಕತೆ, ಎಣ್ಣೆ ಹಚ್ಚೋರು ಮಾತ್ರ ಇಲ್ಲ," ಎಂದು ನಗುತ್ತಾರೆ.

ಅರವತ್ತೆಂಟರ ಇವರೇ ಇಲ್ಲಿ ಕಾವಲುಗಾರ, ಕಸ ಗುಡಿಸುವವರು, ದಿನಕ್ಕೆ ನಲವತ್ತು ಜನರಿಗೆ ಎಲ್ಲವನ್ನೂ ತೋರಿಸುವವರು. ಹಿಂದೆ ಇದೇ ಕಟ್ಟಡದಲ್ಲಿ ‘ಕರಾವಳಿ ದೂತ’ ವಾರಪತ್ರಿಕೆಗೆ ಅಚ್ಚುಮೊಳೆ ಜೋಡಿಸುತ್ತಿದ್ದರು. ಮುಂದಿನ ತಿಂಗಳು ಕೆಲಸ ಬಿಡುತ್ತಾರೆ. ಅಷ್ಟರೊಳಗೆ ಆ ಪತ್ರಿಕೆಯ ಸಂಪಾದಕ ಅಮಿಸ್ಸಾ ಅವರ ಚಿತ್ರದ ಕೆಳಗಿನ ಫಲಕ ತಿದ್ದಿಸಬೇಕು ಎಂಬುದೊಂದೇ ಅವರ ಹಟ. ಆಡಳಿತ ಸಮಿತಿ ಮೂರು ವರ್ಷದಿಂದ ‘ನೋಡೋಣ’ ಎನ್ನುತ್ತಲೇ ಇದೆ.

ಒಂಬತ್ತಕ್ಕೆ ಶಾಲೆಯ ಮಕ್ಕಳು ಬರುತ್ತಾರೆ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಬಂದ ಕಾರಣ ಕೇಳುವುದು ನಮ್ಮ ಪದ್ಧತಿ. ಕೋಬಿನಾ ಮಕ್ಕಳಿಗೂ ಅದನ್ನು ತಪ್ಪಿಸುವುದಿಲ್ಲ.

"ಇಲ್ಲೆಲ್ಲ ಕ್ಷೇಮ. ನೀವು ಬಂದ ಸುದ್ದಿ ಹೇಳಿ."

"ಮೇಷ್ಟ್ರು ಎಳ್ಕೊಂಡು ಬಂದ್ರು, ಅಷ್ಟೇ," ಎನ್ನುತ್ತಾಳೆ ಮುಂದೆ ಕೂತ ಹುಡುಗಿ.

"ಸತ್ಯ ಹೇಳ್ದೆ! ನಿನಗೆ ವರದಿಗಾರ್ತಿ ಕೆಲಸ ಗ್ಯಾರಂಟಿ."

ಆಗಿನ ಸೈನಿಕ ಸರ್ಕಾರದ ಸೆನ್ಸಾರಿನವರು ಕೆಂಪು ಗೆರೆ ಎಳೆದ ಪುಟಗಳನ್ನೂ ಜೈಲಿನಿಂದ ಸಿಗರೇಟು ಕಾಗದದಲ್ಲಿ ಬಂದ ಪತ್ರಗಳನ್ನೂ ತೋರಿಸಿ, ಅವರು ಅಮಿಸ್ಸಾ ಚಿತ್ರದ ಮುಂದೆ ನಿಲ್ಲುತ್ತಾರೆ. ‘ಸೈನಿಕರು ಕಚೇರಿಗೆ ನುಗ್ಗಿ ಬಂಧಿಸಿದರು’ ಎಂದಿದೆ ಫಲಕ.

"ನುಗ್ಗಲಿಲ್ಲ ಮಕ್ಕಳೇ. ಇಬ್ರು ಬಂದ್ರು, ಮಾಮೂಲಿ ಬಟ್ಟೇಲಿ. ಕೂರ್ಸಿ ನೀರು ಕೊಟ್ಟೆ, ಸುದ್ದಿ ಕೇಳ್ದೆ. ‘ಒಳ್ಳೇದಕ್ಕೇ ಬಂದಿದೀವಿ, ಸಂಪಾದಕರನ್ನ ನೋಡ್ಬೇಕು’ ಅಂದ್ರು. ನೀರು ಕುಡಿದವರು ಸುಳ್ಳು ಹೇಳ್ತಾರಾ ಅಂತ ನಂಬಿಬಿಟ್ಟೆ. ಹಿಂದಿನ ಬಾಗಿಲು ತೆರೆದೇ ಇತ್ತು, ಸಂಪಾದಕರು ತಪ್ಪಿಸ್ಕೋಬಹುದಿತ್ತು. ನಾನೇ ಒಳಗೆ ಹೋಗಿ ಕರ್ಕೊಂಡು ಬಂದೆ."

ಅಮಿಸ್ಸಾ ಜೈಲಿನಿಂದ ಮರಳಲಿಲ್ಲ. ಪತ್ರಿಕೆ ಮುಚ್ಚಿತು. ಇಪ್ಪತ್ನಾಲ್ಕರ ಕೋಬಿನಾ ಮೀನಿನ ದೋಣಿ ಹತ್ತಿದರು. ಅಲ್ಲಿ ಹನ್ನೊಂದು ವರ್ಷ ಬಲೆ ಎಳೆದರೂ ಈ ಮಾತನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲವಂತೆ. ಈಗ ದಿನಾ ಅಪರಿಚಿತರ ಮುಂದೆ ಹೇಳುತ್ತಾರೆ. ಅದನ್ನು ಕೇಳುವುದು ವರದಿಗೆ ಬಂದ ನನಗೇ ಕಷ್ಟವಾಗುತ್ತದೆ.

ಮಧ್ಯಾಹ್ನ ಸಮಿತಿಯ ಅಧ್ಯಕ್ಷೆ ಅರಬಾ ಬರುತ್ತಾರೆ. ಅವರು ಅಮಿಸ್ಸಾ ಅವರ ಮಗಳು.

"ಫಲಕ ತಿದ್ದೋದು ಬೇಡ ಬಿಡಿ, ಕೋಬಿನಾ ಅಪ್ಪಾಜಿ. ನೀವು ಹೋದ್ಮೇಲೆ ಜನ ನಿಮ್ಮನ್ನ ದ್ರೋಹಿ ಅಂತಾರೆ."

"ಅನ್ನಲಿ. ಸುಳ್ಳು ಅಚ್ಚು ಹಾಕಲ್ಲ ಅಂತ ತಾನೇ ನಿಮ್ಮಪ್ಪ ಜೈಲಿಗೆ ಹೋಗಿದ್ದು? ಅವರ ಚಿತ್ರದ ಕೆಳಗೇ ಸುಳ್ಳು ನೇತು ಹಾಕಿದ್ರೆ ಹೇಗಮ್ಮ?"

ಅರಬಾ ಹಳೆಯ ಫಲಕವನ್ನು ಕಳಚಿ ಮೇಜಿನ ಮೇಲಿಡುತ್ತಾರೆ. "ಸರಿ. ನೀವೇ ಜೋಡಿಸಿ," ಎನ್ನುತ್ತಾರೆ.

ಕೋಬಿನಾ ಮೊಳೆಗಳನ್ನು ಬೆರಳಲ್ಲೇ ಗುರುತಿಸಿ ಅಚ್ಚಿನ ಕ್ರಮದಂತೆ ತಲೆಕೆಳಗಾಗಿ ಜೋಡಿಸುತ್ತಾರೆ. ಕರಡು ಬರುತ್ತದೆ: ‘ಬಂದವರು ಸಂಪಾದಕರನ್ನು ಕೇಳಿದರು. ಕೋಬಿನಾ ಎಸ್ಸಿಲ್ಫಿ ಒಳಗಿನಿಂದ ಕರೆತಂದ.’ ಅರಬಾ ಅದನ್ನು ಎರಡು ಸಲ ಓದಿ, ಪೆನ್ಸಿಲ್ ತೆಗೆದು ಕೆಳಗೆ ಬರೆಯುತ್ತಾರೆ: ‘ಅವನಿಗೆ ಗೊತ್ತಿರಲಿಲ್ಲ.’

"ಇದು ಕನಿಕರಕ್ಕೆ ಬರೆದಿದ್ದಾ?" ಕೋಬಿನಾ ಕೇಳುತ್ತಾರೆ.

"ನಿಜ ಅಲ್ದಿದ್ರೆ ನಾನು ಬರೀತಿದ್ನಾ?"

ಕೋಬಿನಾ ಆ ಸಾಲಿಗೂ ಮೊಳೆ ಹೆಕ್ಕತೊಡಗುತ್ತಾರೆ. ಒಂದು ಮೊಳೆ ನೆಲಕ್ಕೆ ಬಿದ್ದರೂ ಅವರು ಬಗ್ಗುವುದಿಲ್ಲ.

"ನಲವತ್ನಾಲ್ಕು ವರ್ಷದಿಂದ ಈ ಎರಡು ಪದ ಯಾರಾದ್ರೂ ಹೇಳ್ಲಿ ಅಂತ ಕಾಯ್ತಿದ್ದೆ," ಎನ್ನುತ್ತಾರೆ ನನಗೆ. "ನಾನೇ ಹೇಳ್ಕೊಂಡಿದ್ರೆ ಅದು ನೆಪ ಆಗ್ತಿತ್ತು."